ರಂಧ್ರದ ಅಚ್ಚು ತೆಗೆದದ್ದು

ಬಳ್ಳಾರಿಯಲ್ಲಿ ಭೂವಿಜ್ಞಾನ ಕಲಿಸುವವರಿಗೆ ಕಲ್ಲಿಗೆ ಬರವಿಲ್ಲ, ಬರವಿರುವುದು ಪಳೆಯುಳಿಕೆಗೆ. ಕೋಟೆ ಗುಡ್ಡದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಕಡಲ ಪ್ರಾಣಿಗಳು ಗಟ್ಟಿ ನೆಲವನ್ನು ಕೊರೆದ ಅತಿ ಹಳೆಯ ದೊಡ್ಡ ರಂಧ್ರಗಳೋ ಕೇಂಬ್ರಿಯನ್ ಕಾಲದವು, ಐವತ್ತು ಕೋಟಿ ವರ್ಷಕ್ಕೆ ತುಸು ಹಿಂದಿನವು. ಆದ್ದರಿಂದ ಸಂಡೂರಿನ ವಿದ್ಯಾರ್ಥಿಗಳು ತೂತುಬಿದ್ದ ಅದಿರಿನ ಗಡ್ಡೆ ತಂದು, "ಸರ್, ಇದನ್ನು ಹುಳ ಕೊರೆದಿದೆಯೇ?" ಎಂದರೆ ನಾನು ಹೆಚ್ಚು ಯೋಚಿಸುವುದಿಲ್ಲ. ಮಳೆನೀರು ತಿಂದ ತೂತು, ಇಲ್ಲವೇ ಗಣಿಯ ಡ್ರಿಲ್.

ಪಠ್ಯದಲ್ಲಿ ಮಾತ್ರ ಟ್ರಿಪನೈಟಿಸ್, ಎಂಟೋಬಿಯಾ ಎಂಬ ಹೆಸರುಗಳಿವೆ. ಅವು ಪ್ರಾಣಿಯ ಹೆಸರುಗಳಲ್ಲ, ರಂಧ್ರದ ಆಕಾರಕ್ಕೆ ಇಟ್ಟವು. ಬಾಯಿಪಾಠ ಮಾಡಿಸಲು ಮನಸ್ಸಾಗಲಿಲ್ಲ. ಕಾರವಾರದ ಕಡಲತೀರದಿಂದ ಸಣ್ಣ ಸಣ್ಣ ತೂತುಗಳಿದ್ದ ದಪ್ಪ ಸಿಂಪಿ ಚಿಪ್ಪುಗಳನ್ನು ಆಯ್ದು ತಂದೆ. ಅವು ಸ್ಪಂಜು ಜಾತಿಯ ಕ್ಲಯೋನಾ ಎಂಬ ಕಡಲ ಪ್ರಾಣಿಯ ಕೆಲಸ. ಈ ಸ್ಪಂಜು ಸುಣ್ಣದ ಚಿಪ್ಪನ್ನು ರಾಸಾಯನಿಕದಿಂದ ಅಂಚುಗಳಲ್ಲಿ ಮಾತ್ರ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಗಳಾಗಿ ಬಿಡಿಸಿ ಹೊರಗೆ ತಳ್ಳುತ್ತದೆ. ಹೊಟ್ಟೆಗಾಗಿ ಅಲ್ಲ, ಮನೆಗಾಗಿ. ಊಟ ಕಡಲ ನೀರಿನಲ್ಲೇ ಸಿಗುತ್ತದೆ.

ಚಿಪ್ಪನ್ನು ಬ್ಲೀಚಿನ ನೀರಿನಲ್ಲಿ ನೆನೆಸಿ, ಒಳಗಿನ ಕೊಳೆ ಹೋದ ಮೇಲೆ ಪೂರ್ತಿ ಒಣಗಿಸಿದೆ. ತೆಳುವಾದ ಎಪಾಕ್ಸಿ ಅಂಟಿನಲ್ಲಿ ಅದನ್ನು ಮುಳುಗಿಸಿ, ಗಂಟೆಯಾಕಾರದ ಗಾಜಿನ ಪಾತ್ರೆಯೊಳಗಿಟ್ಟು ಪಂಪಿನಿಂದ ಗಾಳಿ ಎಳೆದೆ. ಪ್ರತಿ ತೂತಿನಿಂದಲೂ ಗುಳ್ಳೆಗಳು ಏಳತೊಡಗಿದವು. ಗುಳ್ಳೆ ನಿಂತ ಮೇಲೆ ಗಾಳಿ ಒಳಬಿಟ್ಟರೆ ಅಂಟು ತಾನಾಗಿಯೇ ಒಳಕ್ಕೆ ನುಗ್ಗುತ್ತದೆ. ಇದನ್ನು ಬೆಳಗಿನ ತಂಪಿನಲ್ಲೇ ಮುಗಿಸಬೇಕು. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಅಂಟು ಒಳಗಿಳಿಯುವ ಮೊದಲೇ ಬಟ್ಟಲಲ್ಲಿ ಗಟ್ಟಿಯಾಗುತ್ತದೆ.

ಮರುದಿನ ಹೊರಗಂಟಿದ ಅಂಟನ್ನು ಒಂದು ಬದಿಯಲ್ಲಿ ಉಜ್ಜಿ ತೆಗೆದು, ಚಿಪ್ಪು ಕಾಣುವಂತೆ ಮಾಡಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಟ್ಟೆ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಆಮ್ಲ ಖಾರವಾದರೆ ನೊರೆಯ ರಭಸಕ್ಕೇ ನವಿರಾದ ಎಳೆಗಳು ಮುರಿಯುತ್ತವೆ, ಆತುರ ಸಲ್ಲದು. ಚಿಪ್ಪು ಕರಗಿಹೋಗಿ ಅಂಟು ಉಳಿಯಿತು: ಒಂದಕ್ಕೊಂದು ಕೂಡಿಕೊಂಡ ದುಂಡು ಕೋಣೆಗಳು, ನಡುವೆ ದಾರದಂಥ ಸುರಂಗಗಳು, ಹಡಗಲಿಯ ಮಲ್ಲಿಗೆ ಮೊಗ್ಗಿನ ದಂಡೆಯೇ ಸರಿ. ಹೊರಗಿನಿಂದ ಸೂಜಿಮೊನೆಯಷ್ಟು ಕಂಡ ತೂತಿನ ಹಿಂದೆ ಇಷ್ಟು ದೊಡ್ಡ ಸಂಸಾರ! ಪಳೆಯುಳಿಕೆಯಾದ ಚಿಪ್ಪಿನಲ್ಲಿ ಇದೇ ಜಾಲ ಸಿಕ್ಕರೆ ಅದು ಎಂಟೋಬಿಯಾ.

ಮುಂದಿನ ಪಾಠ ಸಲೀಸಾಯಿತು. ಮೆತ್ತನೆಯ ಕೆಸರಿನಲ್ಲಿ ತೋಡಿದ ಬಿಲಕ್ಕೂ ಗಟ್ಟಿ ಕಲ್ಲಿನಲ್ಲಿ ಕೊರೆದ ರಂಧ್ರಕ್ಕೂ ವ್ಯತ್ಯಾಸ ಹುಡುಕುವಾಗ ನಾನು ತೂತಿನ ಅಂಚಿಗೇ ಭೂತಗನ್ನಡಿ ಹಿಡಿಸುತ್ತೇನೆ. ಬಿಲ ತೋಡುವ ಪ್ರಾಣಿ ದಾರಿಗೆ ಅಡ್ಡವಾದ ಚಿಪ್ಪನ್ನು ಸುತ್ತಿಕೊಂಡೋ ಪಕ್ಕಕ್ಕೆ ಸರಿಸಿಯೋ ಹೋಗುತ್ತದೆ. ಕೊರೆಯುವ ಪ್ರಾಣಿ ಚಿಪ್ಪು, ಮರಳಿನ ಕಣ, ಅವನ್ನು ಹಿಡಿದಿಟ್ಟ ಸುಣ್ಣ ಎಲ್ಲವನ್ನೂ ಒಂದೇ ನೇರಕ್ಕೆ ಕತ್ತರಿಸಿರುತ್ತದೆ. ಹಾಗೆ ಕತ್ತರಿಸಿದ್ದರೆ, ರಂಧ್ರ ಬೀಳುವ ಹೊತ್ತಿಗೆ ಕಡಲ ತಳ ಆಗಲೇ ಕಲ್ಲಾಗಿತ್ತು, ಅದರ ಮೇಲೆ ಹೂಳು ಕೂರುವುದು ಕೆಲಕಾಲ ನಿಂತಿತ್ತು ಎಂದು ಬರೆದುಕೊಳ್ಳಬಹುದು.