ವೈಫೈ ನಿಧಾನವೋ, ಲೈನ್ ನಿಧಾನವೋ? ಮೊದಲು ತಂತಿ ಜೋಡಿಸಿ ನೋಡಿ

ನಮ್ಮ ಬೀದಿಯ ನಿವೃತ್ತ ಉಪನ್ಯಾಸಕರೊಬ್ಬರು ಕಳೆದ ವರ್ಷ 100 ಎಂಬಿಪಿಎಸ್‌ನ ಇಂಟರ್ನೆಟ್ ಪ್ಲಾನ್ ಬಿಟ್ಟು 300ರ ಪ್ಲಾನ್‌ಗೆ ಬದಲಾಯಿಸಿಕೊಂಡರು. ಬಿಲ್ಲು ಏರಿತೇ ಹೊರತು, ಹಿಂದಿನ ಕೋಣೆಯಲ್ಲಿ ಕುಳಿತು ಮಗಳಿಗೆ ಮಾಡುವ ವಿಡಿಯೊ ಕರೆ ಮೊದಲಿನಂತೆಯೇ ತಡವರಿಸುತ್ತಿತ್ತು. ಹಜಾರದಲ್ಲಿ ರೂಟರಿನ ಪಕ್ಕವೇ ನಿಂತು ಸ್ಪೀಡ್ ಟೆಸ್ಟ್ ಮಾಡಿದರೂ ಅಂಕಿ 94ರ ಆಚೆಗೆ ಕದಲುತ್ತಿರಲಿಲ್ಲ. ನಾಲ್ಕು ಸಲ ದೂರು ಕೊಟ್ಟರು, ನಾಲ್ಕು ಸಲವೂ ಹುಡುಗರು ಬಂದು ರೂಟರ್ ಆರಿಸಿ, ಹಾಕಿ, ಹೋದರು. ಆ ಮನೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳಿದ್ದವು. ಒಂದು ಮೊಳದುದ್ದದ ಕೇಬಲ್ಲಿನಲ್ಲಿತ್ತು, ಇನ್ನೊಂದು ಬೀರುವಿನ ಮೇಲಿತ್ತು.

ಇಂಟರ್ನೆಟ್ ನಮ್ಮ ರೂಟರಿನವರೆಗೆ ತಂತಿಯಲ್ಲಿ ಬರುತ್ತದೆ, ಅಲ್ಲಿಂದ ಫೋನಿಗೆ ಗಾಳಿಯಲ್ಲಿ ಹೋಗುತ್ತದೆ. ತೊಂದರೆ ಈ ಎರಡರಲ್ಲಿ ಯಾವ ಭಾಗದ್ದು ಎಂದು ಗೊತ್ತುಮಾಡಿಕೊಳ್ಳದೆ ಪ್ಲಾನ್ ಬದಲಿಸುವುದು, ಹೊಸ ರೂಟರ್ ಕೊಳ್ಳುವುದು, ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಸಿಕ್ಕಿಸುವುದು ಇವೆಲ್ಲ ಕತ್ತಲಲ್ಲಿ ಕಲ್ಲು ಹೊಡೆದಂತೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಆ ಒಂದು ಪರೀಕ್ಷೆಗೇ ಮೀಸಲು.

ಮೊದಲು ಎರಡು ಸಣ್ಣ ಕೆಲಸಗಳು

ನಿಮ್ಮ ಪ್ಲಾನ್ ಎಷ್ಟು ಎಂಬಿಪಿಎಸ್‌ನದು, ತಿಂಗಳ ಡೇಟಾ ಮಿತಿ ಎಷ್ಟು, ಆ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಬಿಲ್ಲಿನಲ್ಲಿ ನೋಡಿ ಬರೆದುಕೊಳ್ಳಬೇಕು. ಎಂಬಿಪಿಎಸ್ ಎನ್ನುವುದು ಸೆಕೆಂಡಿಗೆ ಎಷ್ಟು ದಶಲಕ್ಷ ಬಿಟ್ ಎಂಬ ಲೆಕ್ಕ, ಡೌನ್‌ಲೋಡ್ ಆಗುವಾಗ ಪರದೆಯ ಮೇಲೆ ಕಾಣುವುದು ಸಾಮಾನ್ಯವಾಗಿ ಬೈಟ್‌ಗಳ ಲೆಕ್ಕ. ಒಂದು ಬೈಟ್‌ಗೆ 8 ಬಿಟ್. ಹೀಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12 ಎಂಬಿ ಮಾತ್ರ ಇಳಿಯುತ್ತಿದೆ ಎಂದು ದೂರುವವರಿಗೆ ನಿಜವಾಗಿ ಯಾವ ತೊಂದರೆಯೂ ಇಲ್ಲ.

ಎರಡನೆಯದಾಗಿ, ರೂಟರಿನ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಇಷ್ಟರಿಂದಲೇ ಸರಿಹೋಗಿ ವಾರಗಟ್ಟಲೆ ಸರಿಯಾಗಿಯೇ ಇದ್ದರೆ ಮುಂದೆ ಓದಬೇಕಾಗಿಲ್ಲ. ಆದರೆ ರೂಟರಿನ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ರೀಸೆಟ್ ಮಾಡುವುದು ಬೇರೆಯೇ ಕೆಲಸ. ಅದನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್ ಮಾತ್ರವಲ್ಲ, ಕಂಪನಿಯವರು ನಮೂದಿಸಿದ ಲಾಗಿನ್ ಕೂಡ ಅಳಿಸಿಹೋಗುತ್ತದೆ. ನಿಧಾನವಾಗಿದ್ದ ನೆಟ್ ಪೂರ್ತಿ ನಿಂತುಹೋಗಿ, ಭಾನುವಾರವಿಡೀ ಲೈನ್‌ಮನ್ನಿಗಾಗಿ ಕಾದ ಮೂರು ಮನೆಗಳನ್ನು ನಾನೇ ಕಂಡಿದ್ದೇನೆ. ಆ ರಂಧ್ರದ ತಂಟೆಗೆ ಹೋಗಬೇಡಿ.

ತಂತಿಯ ಪರೀಕ್ಷೆ

ಎಲ್ಲರೂ ತಪ್ಪುವುದು ಇಲ್ಲಿಯೇ. ಕೈಯಲ್ಲಿರುವ ಫೋನಿನಲ್ಲಿ, ಅದೂ ಮಂಚದ ಮೇಲೆ ಮಲಗಿಕೊಂಡು ಮಾಡಿದ ಸ್ಪೀಡ್ ಟೆಸ್ಟ್ ತಂತಿಯನ್ನೂ ಗಾಳಿಯನ್ನೂ ಸೇರಿಸಿ ಅಳೆಯುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಬೇಕಾಗಿರುವುದು ಒಂದು ಲ್ಯಾಪ್‌ಟಾಪ್ ಮತ್ತು ಒಂದು ಒಳ್ಳೆಯ ಲ್ಯಾನ್ ಕೇಬಲ್. ಹೊಸ ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಕಿಂಡಿಯೇ ಇರುವುದಿಲ್ಲವಾದ್ದರಿಂದ ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಬೇಕಾಗುತ್ತದೆ. ಕೊಳ್ಳುವಾಗ ಅದು ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನದು ಎಂದು ಖಚಿತಪಡಿಸಿಕೊಳ್ಳಿ. ಅಗ್ಗದ ಅಡಾಪ್ಟರುಗಳು 100 ಎಂಬಿಪಿಎಸ್‌ಗೇ ನಿಲ್ಲುತ್ತವೆ, ಮತ್ತೆ ನೀವು ಅಳೆದದ್ದು ಲೈನನ್ನಲ್ಲ, ಅಡಾಪ್ಟರನ್ನು ಎಂದಾಗುತ್ತದೆ.

ಕೇಬಲ್ಲಿನ ಒಂದು ತುದಿಯನ್ನು ಲ್ಯಾಪ್‌ಟಾಪಿಗೂ ಇನ್ನೊಂದನ್ನು ರೂಟರಿನಲ್ಲಿ ಲ್ಯಾನ್ ಎಂದು ಬರೆದಿರುವ ಯಾವುದಾದರೊಂದು ಕಿಂಡಿಗೂ ಹಾಕಿ. ಆಮೇಲೆ ಲ್ಯಾಪ್‌ಟಾಪಿನ ವೈಫೈ ಆರಿಸಿ. ಹಲವರು ಇದನ್ನು ಮರೆಯುತ್ತಾರೆ, ತಂತಿ ಹಾಕಿಕೊಂಡೂ ಕೆಲವೊಮ್ಮೆ ವೈಫೈಯನ್ನೇ ಅಳೆಯುತ್ತಿರುತ್ತಾರೆ. ವಿಪಿಎನ್ (ನೆಟ್ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸುವ ಸೌಲಭ್ಯ) ಇದ್ದರೆ ಅದನ್ನೂ ನಿಲ್ಲಿಸಿ, ಟಿವಿ ಆರಿಸಿ, ಮನೆಯವರ ಫೋನುಗಳ ವೈಫೈಯನ್ನು ಐದು ನಿಮಿಷದ ಮಟ್ಟಿಗೆ ತೆಗೆಸಿ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಎತರ್‌ನೆಟ್ ಪುಟ ತೆರೆದರೆ ಲಿಂಕ್ ಸ್ಪೀಡ್ ಎಂಬ ಸಾಲು ಕಾಣುತ್ತದೆ. ಅಲ್ಲಿ 1000 ಇದೆಯೋ 100 ಇದೆಯೋ ನೋಡಿ ಬರೆದುಕೊಂಡ ಮೇಲೆಯೇ ಸ್ಪೀಡ್ ಟೆಸ್ಟ್ ಮಾಡಬೇಕು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂಬತ್ತರ ಹೊತ್ತಿಗೆ ಒಂದು ಸಲ, ಹೀಗೆ ಮೂರು ದಿನ ಮಾಡಿ, ಸಮಯಸಹಿತ ಗುರುತು ಹಾಕಿಕೊಳ್ಳಿ. ಒಂದೇ ಸಲದ ಅಂಕಿಯನ್ನು ನಂಬಬಾರದು.

ಈಗ ಅಂಕಿಗಳನ್ನು ಓದುವುದು ಹೇಗೆ?

ತಂತಿಯಲ್ಲಿ ಪ್ಲಾನಿನಷ್ಟು ವೇಗ ಬರುತ್ತಿದ್ದು ಫೋನಿನಲ್ಲಿ ಮಾತ್ರ ಬರುತ್ತಿಲ್ಲವಾದರೆ ಕಂಪನಿಯದ್ದು ಏನೂ ತಪ್ಪಿಲ್ಲ, ವೈಫೈಯನ್ನು ಸರಿಪಡಿಸಬೇಕು. ತಂತಿಯಲ್ಲಿ ಬೆಳಿಗ್ಗೆ ಸರಿಯಾಗಿದ್ದು ರಾತ್ರಿ ಮಾತ್ರ ಕುಸಿಯುತ್ತಿದ್ದರೆ ಬೀದಿಯಲ್ಲಿ ದಟ್ಟಣೆ ಇದೆ ಎಂದರ್ಥ. ಮನೆಮನೆಯ ಫೈಬರಿಗೆ ಹೆಚ್ಚಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಎಲ್ಲರೂ ಊಟ ಮುಗಿಸಿ ಟಿವಿ ಮುಂದೆ ಕುಳಿತಾಗ ಆ ಹಂಚಿಕೆಯೋ, ಅದಕ್ಕಿಂತ ಮೇಲಿನ ಕಂಪನಿಯ ಸಂಪರ್ಕವೋ ತುಂಬಿಹೋಗಬಹುದು. ಯಾವ ರೂಟರ್ ತಂದರೂ ಇದು ಗುಣವಾಗುವುದಿಲ್ಲ.

ಪ್ಲಾನ್ 150, 200 ಅಥವಾ 300 ಇದ್ದು, ತಂತಿಯಲ್ಲಿ ಯಾವ ಹೊತ್ತಿನಲ್ಲಿ ಅಳೆದರೂ 93ರಿಂದ 95ರ ನಡುವೆ ನಿಲ್ಲುವುದು ಉಪನ್ಯಾಸಕರ ಮನೆಯ ಕಾಯಿಲೆ. ಲೈನ್ ನಿಧಾನವಾಗಿದ್ದರೆ ಅಂಕಿ ಏರಿಳಿಯುತ್ತದೆ, ಹೀಗೆ ಗೆರೆ ಎಳೆದಂತೆ ನಿಲ್ಲುವುದಿಲ್ಲ. ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100 ಎಂಬಿಪಿಎಸ್‌ಗೆ ಕಟ್ಟುಬಿದ್ದಿದೆ, ಅದರ ನಿರ್ವಹಣೆಯ ಖರ್ಚು ಕಳೆದು ಕೈಗೆ 94 ಸಿಗುತ್ತಿದೆ. ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆಗಳಿವೆ, ಎರಡೆರಡನ್ನು ಹೊಸೆದು ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಗಿಗಾಬಿಟ್‌ಗೆ ಮಾತ್ರ ಬೇಕಾದ ಎರಡು ಜೋಡಿಗಳಲ್ಲಿ ಒಂದೇ ಒಂದು ಎಳೆ ಕನೆಕ್ಟರಿನೊಳಗೆ ಸರಿಯಾಗಿ ತಾಗದಿದ್ದರೂ ಎರಡು ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ. ಯಾವ ಕೆಂಪು ದೀಪವೂ ಹತ್ತುವುದಿಲ್ಲ, ನೆಟ್ ನಡೆಯುತ್ತಲೇ ಇರುತ್ತದೆ.

ಉಪನ್ಯಾಸಕರ ಮನೆಯಲ್ಲಿ ಫೈಬರ್ ಬಂದು ಸೇರುವ ಬಿಳಿ ಡಬ್ಬಿ, ಅಂದರೆ ಒಎನ್‌ಟಿ, ಬೇರೆಯಾಗಿತ್ತು. ವೈಫೈ ಕೊಡುವ ರೂಟರ್ ಬೇರೆಯಾಗಿತ್ತು. ನಡುವೆ ಹಳೆಯ ದಿನಗಳ ಗಿಡ್ಡ ಕೇಬಲ್. ಅದರ ಪಾರದರ್ಶಕ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನಾಲ್ಕೇ ಬಣ್ಣದ ಎಳೆಗಳಿದ್ದವು. ಉಳಿದ ನಾಲ್ಕನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು. ಸಿಪ್ಪೆಯ ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಮುದ್ರಿಸಿರುವ, ಕಾರ್ಖಾನೆಯಲ್ಲೇ ತುದಿ ಕಟ್ಟಿದ ಒಂದು ಮೀಟರ್ ಕೇಬಲ್ ಹಾಕಿದ ಮೇಲೆ ಅಂಕಿ 280 ದಾಟಿತು. ಕೇಬಲ್ ಬದಲಿಸಿದ ಮೇಲೂ 94 ಬಿಡದಿದ್ದರೆ ಹೆಚ್ಚಾಗಿ ರೂಟರಿನ ಕಿಂಡಿಗಳೇ 100ರವು ಎಂದು ತಿಳಿಯಬೇಕು. ಡಬ್ಬದ ಮೇಲೆ 300 ಎಂಬಿಪಿಎಸ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಮೂರು ನಾಲ್ಕು ಆಂಟೆನಾ ನಿಲ್ಲಿಸಿ, ಒಳಗೆ 100ರ ಕಿಂಡಿ ಇಟ್ಟು ಮಾರುವ ಅಗ್ಗದ ರೂಟರುಗಳು ಅಂಗಡಿಗಳಲ್ಲಿ ಇಂದಿಗೂ ಇವೆ. ಆಂಟೆನಾ ಎಣಿಸಿ ರೂಟರ್ ಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗಿಗಾಬಿಟ್ ಕಿಂಡಿ ಎಂದು ಸ್ಪಷ್ಟವಾಗಿ ಬರೆದಿಲ್ಲದ ರೂಟರನ್ನು ಯಾವ ಬೆಲೆಗೂ ತರಬೇಡಿ.

ಲ್ಯಾಪ್‌ಟಾಪನ್ನು ನೇರವಾಗಿ ಒಎನ್‌ಟಿಗೆ ಸಿಕ್ಕಿಸಿ ನೋಡಲೂಬಹುದು. ಆದರೆ ಲಾಗಿನ್ ರೂಟರಿನಲ್ಲಿದ್ದರೆ ಹಾಗೆ ಮಾಡಿದಾಗ ನೆಟ್ ಬರುವುದೇ ಇಲ್ಲ. ಗಾಬರಿಯಾಗದೆ ತಂತಿಯನ್ನು ಮೊದಲಿದ್ದಲ್ಲಿಗೇ ಹಾಕಿದರಾಯಿತು.

ವೇಗ ಸರಿಯಿದ್ದೂ ಕರೆ ತಡವರಿಸಿದರೆ

ಸ್ಪೀಡ್ ಟೆಸ್ಟ್ ಚೆನ್ನಾಗಿಯೇ ಬಂದು ವಿಡಿಯೊ ಕರೆ ಮಾತ್ರ ಹೆಪ್ಪುಗಟ್ಟಿದಂತೆ ನಿಲ್ಲುತ್ತಿದ್ದರೆ ಪಿಂಗ್ ಪರೀಕ್ಷೆ, ಅಂದರೆ ಒಂದು ವಿಳಾಸಕ್ಕೆ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಮರಳುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಬೇಕು. ಲ್ಯಾಪ್‌ಟಾಪಿನ ತಂತಿ ತೆಗೆದು ವೈಫೈಗೆ ಮರಳಿ, ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ (ಹೆಚ್ಚಾಗಿ 192.168.1.1, ರೂಟರಿನ ತಳದ ಚೀಟಿಯಲ್ಲಿ ಬರೆದಿರುತ್ತದೆ), ಇನ್ನೊಂದರಲ್ಲಿ ಗೂಗಲ್ ಸರ್ವರಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಓಡಿಸಿ. ಕರೆ ನಿಂತ ಗಳಿಗೆಯಲ್ಲಿ ರೂಟರಿನ ಸಾಲೇ ಐದಾರು ಮಿಲಿಸೆಕೆಂಡಿನಿಂದ ಇನ್ನೂರು ಮುನ್ನೂರಕ್ಕೆ ನೆಗೆದರೆ ದೋಷ ವೈಫೈಯದ್ದು. ಅದು ಸ್ಥಿರವಾಗಿದ್ದು ಎರಡನೆಯದು ಮಾತ್ರ ನೆಗೆದರೆ ದೋಷ ರೂಟರಿನ ಆಚೆಗಿದೆ, ಇಲ್ಲವೇ ಮನೆಯೊಳಗಿನ ಯಾರೋ ಅಪ್‌ಲೋಡ್ ತುಂಬಿಸುತ್ತಿದ್ದಾರೆ. ಮದುವೆಯ ಫೋಟೊಗಳನ್ನು ಬ್ಯಾಕಪ್‌ಗೆ ಕಳಿಸುತ್ತಿರುವ ಒಂದು ಫೋನು, ಗೇಟಿನ ದೃಶ್ಯವನ್ನು ಹಗಲಿರುಳೂ ಕ್ಲೌಡಿಗೆ ರವಾನಿಸುವ ಒಂದು ಕ್ಯಾಮೆರಾ, ಇಷ್ಟು ಸಾಕು. ಬ್ಯಾಕಪ್ಪನ್ನು ರಾತ್ರಿಗೆ ಮುಂದೂಡಿ, ಕ್ಯಾಮೆರಾಗೆ ಮೆಮೊರಿ ಕಾರ್ಡ್ ಹಾಕಿ.

ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ನೆಟ್ ಇಮ್ಮಡಿ ಓಡುತ್ತದೆ ಎಂಬ ಸಲಹೆಯೊಂದು ಎಲ್ಲ ಕಡೆ ಓಡಾಡುತ್ತಿದೆ. ಅದರಿಂದ ಪುಟ ತೆರೆಯಲು ಶುರುವಾಗುವ ಕ್ಷಣ ಸ್ವಲ್ಪ ಬೇಗ ಬರಬಹುದೇ ಹೊರತು ಡೌನ್‌ಲೋಡ್ ವೇಗ ಏರುವುದಿಲ್ಲ. ಫೋನಿನ ಸ್ಪೀಡ್ ಬೂಸ್ಟರ್ ಆ್ಯಪ್‌ಗಳು ಜಾಹೀರಾತು ತೋರಿಸುವುದಕ್ಕೇ ಹುಟ್ಟಿದವು, ಅಳಿಸಿಬಿಡಿ.

ಗಾಳಿಯ ಭಾಗ

ದೋಷ ವೈಫೈಯದ್ದೇ ಎಂದು ಗೊತ್ತಾದ ಮೇಲೆ ಮೊದಲು ನೋಡಬೇಕಾದದ್ದು ರೂಟರ್ ಕುಳಿತ ಜಾಗ. ಉಪನ್ಯಾಸಕರ ರೂಟರ್ ಹಜಾರದ ಮೂಲೆಯಲ್ಲಿ ಉಕ್ಕಿನ ಬೀರುವಿನ ಮೇಲೆ, ಹಿತ್ತಾಳೆಯ ಹಂಡೆಯೊಂದರ ಹಿಂದೆ ಇತ್ತು. ಲೋಹ, ಕನ್ನಡಿ, ನೀರಿನ ತೊಟ್ಟಿ, ಕಬ್ಬಿಣ ತುಂಬಿದ ಕಾಂಕ್ರೀಟು ಇವೆಲ್ಲ ವೈಫೈಗೆ ಶತ್ರುಗಳು. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆಗಳೂ ಕಡಿಮೆಯೇನಲ್ಲ. ಟಿವಿಯ ಹಿಂದೆ, ಶೋಕೇಸಿನೊಳಗೆ ಬಚ್ಚಿಡಬೇಡಿ. ಮನೆಯ ನಡುಭಾಗದಲ್ಲಿ, ಎದೆಮಟ್ಟಕ್ಕಿಂತ ಎತ್ತರದಲ್ಲಿ, ಬಯಲಾಗಿ ಕಾಣುವಂತೆ ಇಡಬೇಕು. ಅಂದಗೆಡುತ್ತದೆ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ.

ಸಾಮಾನ್ಯ ರೂಟರಿನ ವೈಫೈ ಎರಡು ತರಂಗಪಟ್ಟಿಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಎರಡಕ್ಕೂ ಒಂದೇ ಹೆಸರು ಕೊಟ್ಟು ಆಯ್ಕೆಯನ್ನು ರೂಟರಿಗೇ ಬಿಡುವ ಸೌಲಭ್ಯವಿದೆ. ನಾನು ಅದನ್ನು ನಂಬುವುದಿಲ್ಲ. ಎರಡು ಬೇರೆ ಹೆಸರು ಕೊಟ್ಟು, ಫೋನು, ಲ್ಯಾಪ್‌ಟಾಪು, ಟಿವಿಗಳನ್ನು 5ಕ್ಕೂ ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳನ್ನು 2.4ಕ್ಕೂ ಸೇರಿಸಿ. ಅಪಾರ್ಟ್‌ಮೆಂಟಿನಲ್ಲಿರುವವರು 2.4ರ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, ವೈಫೈ ಅನಲೈಸರ್ ಬಗೆಯ ಆ್ಯಪ್‌ನಲ್ಲಿ ನೆರೆಹೊರೆಯವರ ಸಿಗ್ನಲ್ ನೋಡಿ, 1, 6, 11ನೇ ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಆರಿಸಿಕೊಳ್ಳಬೇಕು. ಜಾಣತನವೆಂದು 3 ಅಥವಾ 8 ಆರಿಸಿಕೊಂಡವರು ಎರಡೂ ಪಕ್ಕದವರ ಗದ್ದಲದ ನಡುವೆ ಸಿಕ್ಕಿಬೀಳುತ್ತಾರೆ. ಮೈಕ್ರೋವೇವ್ ಒಲೆಯೂ ಇದೇ 2.4ರ ಪಟ್ಟಿಯಲ್ಲಿ ಕೆಲಸ ಮಾಡುವುದರಿಂದ ಅನ್ನ ಬಿಸಿಮಾಡುವ ಹೊತ್ತಿಗೇ ನೆಟ್ ಹೋಗುತ್ತದೆ ಎಂಬ ದೂರು ಸುಳ್ಳೇನಲ್ಲ.

ಹಿಂದಿನ ಕೋಣೆಗೆ ಆಗಲೂ ಸಿಗ್ನಲ್ ಮುಟ್ಟದಿದ್ದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ತರಬೇಡಿ. ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮರಳಿ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಕ್ಯಾಟ್ 6 ಕೇಬಲ್ಲನ್ನು ಆ ಕೋಣೆಯವರೆಗೆ ಎಳೆಸಿ, ಅಟ್ಟದ ಮೇಲೆ ಬಿದ್ದಿರುವ ಹಳೆಯ ರೂಟರನ್ನು ಅಲ್ಲಿಡಿ. ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಕೇಬಲ್ಲನ್ನು ಅದರ ಲ್ಯಾನ್ ಕಿಂಡಿಗೇ ಹಾಕಿದರೆ ಎರಡನೆಯ ವೈಫೈ ಸಿದ್ಧ. ಕೇಬಲ್ ಕೊಳ್ಳುವಾಗ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಎಳೆಯದ್ದನ್ನು ಅಂಗಡಿಯವರು ಅರ್ಧ ಬೆಲೆಗೆ ಕೊಡಲು ಬರುತ್ತಾರೆ. ಅದು ಬಾಗಿಸಿದಲ್ಲಿ ಮುರಿಯುತ್ತದೆ, ಅಪ್ಪಟ ತಾಮ್ರದ್ದನ್ನೇ ಕೇಳಿ. ಉಪನ್ಯಾಸಕರ ಕೋಣೆಗೆ ಹೀಗೆ ಹದಿನೆಂಟು ಮೀಟರ್ ಕೇಬಲ್ ಎಳೆದೆವು, ಕರೆಯ ತೊಂದರೆ ಅಂದೇ ಮುಗಿಯಿತು.

ತಂತಿಯಲ್ಲೇ ವೇಗವಿಲ್ಲದಿದ್ದರೆ

ಒಎನ್‌ಟಿಯ ಸೆಟ್ಟಿಂಗ್ಸ್ ಪುಟದಲ್ಲಿ ಆಪ್ಟಿಕಲ್ ಮಾಹಿತಿ ಎಂಬ ವಿಭಾಗವಿದ್ದರೆ ಒಳಬರುವ ಬೆಳಕಿನ ಬಲ ಎಷ್ಟು ಎಂದು ನೋಡಿ. ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಂ (ಸಿಗ್ನಲ್ ಬಲದ ಅಳತೆ) ನಡುವೆ ಇರಬೇಕು. ಮೈನಸ್ 25ಕ್ಕಿಂತಲೂ ದುರ್ಬಲವಾಗಿದ್ದರೆ ಮಳೆಗಾಲದಲ್ಲಿ ಕೈಕೊಡಬಹುದು. ಫೈಬರನ್ನು ಕಿಟಕಿಯ ಸಂದಿಯಲ್ಲಿ ಚೂಪಾಗಿ ಮಡಚಿ ತಂದಿದ್ದರೆ, ತೆಂಗಿನ ಗರಿ ಬಿದ್ದು ಜೋತಿದ್ದರೆ, ಮಲೆನಾಡಿನಲ್ಲಿ ಕೋತಿಗಳು ಜೋಕಾಲಿಯಾಡಿದ್ದರೆ ಬೆಳಕು ಸೋರಿಹೋಗುತ್ತದೆ. ಮಡಿಕೆಯನ್ನು ಮೆಲ್ಲಗೆ ಸಡಿಲಿಸಬಹುದು. ಹಸಿರು ಕನೆಕ್ಟರನ್ನು ಮಾತ್ರ ನೀವಾಗಿ ಕೀಳಬೇಡಿ, ಅದರೊಳಗೆ ಕಣ್ಣಿಟ್ಟು ನೋಡುವುದಂತೂ ಕೂಡದು. ಒಳಗಿನ ಲೇಸರ್ ಕಣ್ಣಿಗೆ ಕಾಣದ ಬಗೆಯದು.

ಇನ್ನು ದೂರು. ನೆಟ್ ತುಂಬಾ ಸ್ಲೋ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. 2023ರಲ್ಲಿ ಪರಿಷ್ಕರಿಸಿದ ಸರ್ಕಾರಿ ವ್ಯಾಖ್ಯಾನದ ಪ್ರಕಾರ 2 ಎಂಬಿಪಿಎಸ್ ಡೌನ್‌ಲೋಡ್ ವೇಗವಿದ್ದರೂ ಅದು ಬ್ರಾಡ್‌ಬ್ಯಾಂಡೇ. ಮೂರು ದಿನದ ತಂತಿ ಪರೀಕ್ಷೆಯ ಅಂಕಿಗಳನ್ನು ಸಮಯಸಹಿತ ಕೊಟ್ಟು, ಲಿಂಕ್ ಸ್ಪೀಡ್ 1000 ಇತ್ತು ಎಂದು ತಿಳಿಸಿ, ದೂರಿನ ಡಾಕೆಟ್ ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ವ್ಯಕ್ತಿಗತ ದೂರುಗಳನ್ನು ತಾನೇ ವಿಚಾರಿಸುವುದಿಲ್ಲವಾದ್ದರಿಂದ ಅಲ್ಲಿಗೆ ಮೊದಲೇ ಪತ್ರ ಬರೆದು ದಿನ ಕಳೆಯಬೇಡಿ. ವೈಫೈಯಲ್ಲಿ ಅಳೆದ ಅಂಕಿಯನ್ನು ದೂರಿನೊಂದಿಗೆ ಲಗತ್ತಿಸಲೂ ಬೇಡಿ. ಅದು ನಿಮ್ಮ ಮನೆಯ ಗೋಡೆಯ ತಪ್ಪು ಎಂದು ಹೇಳಿ ದೂರನ್ನು ಮುಚ್ಚಲು ಅವರಿಗೆ ಅದೊಂದೇ ಸಾಕು.