ಮೊದಲು ಬಜೆಟ್ ಪುಸ್ತಕ, ಆಮೇಲೆ ಮುನ್ನೋಟ: ವಿವಿಯಲ್ಲಿ ಆದ್ಯತೆ ಗೊತ್ತುಮಾಡಿದ ಬಗೆ

ವಿಶ್ವವಿದ್ಯಾಲಯಕ್ಕೆ ಐದು ವರ್ಷದ ಯೋಜನೆ ಮಾಡಬೇಕು ಅಂದ ಕೂಡಲೇ ಎಲ್ಲರೂ ಕೈಹಾಕುವುದು ಮುನ್ನೋಟದ ವಾಕ್ಯಕ್ಕೆ, ಅಂದರೆ ವಿವಿ ಮುಂದೆ ಏನಾಗಬೇಕು ಎಂದು ಹೇಳುವ ಸಾಲಿಗೆ. ಮೈಸೂರಿನ ನಮ್ಮ ಯೋಜನಾ ಘಟಕದಲ್ಲಿ ಅದನ್ನು ಕೊನೆಗಿಟ್ಟೆವು. ಮೊದಲು ಮೇಜಿನ ಮೇಲೆ ಬಂದದ್ದು ಎರಡೇ ಕಾಗದ: ಹಿಂದಿನ ಐದು ವರ್ಷದ ವೆಚ್ಚದ ಪಟ್ಟಿ, ಮುಂದಿನ ಐದು ವರ್ಷದಲ್ಲಿ ನಿವೃತ್ತರಾಗುವವರ ಪಟ್ಟಿ.

ವೆಚ್ಚದ ಪಟ್ಟಿಯಲ್ಲಿ ಅಂದಾಜಿನ ಕಾಲಂ ನಂಬಬಾರದು, ವಾಸ್ತವಿಕ ವೆಚ್ಚವನ್ನೇ ಹಿಡಿಯಬೇಕು. ಸಂಬಳ, ಪಿಂಚಣಿ, ಅತಿಥಿ ಉಪನ್ಯಾಸಕರ ಗೌರವಧನ, ವಿದ್ಯುತ್, ಭದ್ರತೆ, ಪರೀಕ್ಷಾ ಖರ್ಚು ಒಂದು ಕಡೆ. ರೂಸಾ, ಪಿಎಂ-ಉಷಾ ಎಂಬ ಕೇಂದ್ರದ ಉನ್ನತ ಶಿಕ್ಷಣ ಯೋಜನೆಗಳು, ಡಿಎಸ್‌ಟಿ ಎಂಬ ಕೇಂದ್ರದ ವಿಜ್ಞಾನ ಇಲಾಖೆ, ಇಂಥ ಕಡೆಯಿಂದ ಇಂಥದ್ದಕ್ಕೇ ಎಂದು ಬಂದ ಅನುದಾನ ಇನ್ನೊಂದು ಕಡೆ. ಇವೆರಡನ್ನೂ ಕಳೆದು ಉಳಿದದ್ದಷ್ಟೇ ನಮ್ಮ ಇಷ್ಟದ ಪ್ರಕಾರ ಹಂಚಬಹುದಾದ ಹಣ. ರಾಜ್ಯದ ವಿವಿಗಳಲ್ಲಿ ಅದು ತೀರಾ ಸಣ್ಣ ಮೊತ್ತ. ಈ ಭಾಗದಲ್ಲಂತೂ ಹಾಸನ, ಚಾಮರಾಜನಗರ, ಮಂಡ್ಯಗಳಿಗೆ ಬೇರೆ ಬೇರೆ ವಿವಿಗಳಾದ ಮೇಲೆ ಕಾಲೇಜುಗಳೂ ಹಂಚಿಹೋದವು, ಅವುಗಳ ಜೊತೆ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕವೂ. ಈ ಮೊತ್ತವನ್ನು ಮೊದಲ ಸಭೆಯಲ್ಲೇ ಬೋರ್ಡಿನ ಮೇಲೆ ಬರೆದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ನಿವೃತ್ತಿ ಪಟ್ಟಿಗೆ ವಿಭಾಗವಾರು ನಾಲ್ಕು ಕಾಲಂ ಸಾಕು: ಮಂಜೂರು, ಭರ್ತಿ, ಖಾಲಿ, ಐದು ವರ್ಷದೊಳಗೆ ನಿವೃತ್ತಿ. ಮಂಜೂರಾದ ಹತ್ತರಲ್ಲಿ ನಾಲ್ಕೇ ಭರ್ತಿಯಾಗಿ, ಆ ನಾಲ್ವರಲ್ಲಿ ಮೂವರು ನಿವೃತ್ತಿಯ ಅಂಚಿನಲ್ಲಿರುವ ವಿಭಾಗ ಉತ್ಕೃಷ್ಟತಾ ಕೇಂದ್ರ ಕೇಳಿದರೆ, ಮೂರನೇ ವರ್ಷ ಅದರ ಬಾಗಿಲು ತೆಗೆಯುವವರು ಯಾರು? ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು ಯಾರು? ಅಂಥ ವಿಭಾಗಕ್ಕೆ ಆದ್ಯತೆ ಎಂದರೆ ಮೊದಲು ನೇಮಕಾತಿ.

ಕಾಲದ ಲೆಕ್ಕವೂ ಇದೆ. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ವರ್ಷ ಮುಗಿಯುವ ಮೊದಲೇ ಬಜೆಟ್ ಹಣಕಾಸು ಸಮಿತಿ ದಾಟಿ ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದೆ ಬರಬೇಕು. ಜೂನ್–ಜುಲೈನಲ್ಲಿ ಶುರುಮಾಡಿ ಅಕ್ಟೋಬರ್ ಒಳಗೆ ಆದ್ಯತೆ ಗೊತ್ತಾಗದಿದ್ದರೆ ವಿಭಾಗಗಳು ಹಳೇ ಅಂದಾಜನ್ನೇ ಶೇಕಡಾ ಹತ್ತು ಏರಿಸಿ ಕಳಿಸಿಬಿಡುತ್ತವೆ. ಆಮೇಲೆ ಇಡೀ ಒಂದು ವರ್ಷ ಕಾಯಬೇಕು. ಕುಲಪತಿಗಳ ಅವಧಿ ನಾಲ್ಕು ವರ್ಷ, ಯೋಜನೆ ಐದು ವರ್ಷದ್ದು. ಅದರಲ್ಲಿ ಹೀಗೆ ಒಂದು ವರ್ಷ ಹೋದರೆ ಯೋಜನೆಗೆ ಬಲ ಕೊಡುವವರೇ ಉಳಿಯುವುದಿಲ್ಲ.

ಪ್ರಸ್ತಾವನೆಗೆ ಮಿತಿ ಹಾಕಿದ್ದೆವು: ವಿಭಾಗಕ್ಕೆ ಎರಡೇ, ತಲಾ ಒಂದು ಪುಟ. ಏನು ಮಾಡುತ್ತೀರಿ, ಹುದ್ದೆಯ ಪ್ರಕಾರ ಜವಾಬ್ದಾರರು ಯಾರು, ಒಂದು ಸಲದ ಖರ್ಚೆಷ್ಟು, ಪ್ರತಿವರ್ಷದ ಖರ್ಚೆಷ್ಟು, ಇದಕ್ಕಾಗಿ ಈಗಿನ ಯಾವ ಕೆಲಸ ನಿಲ್ಲಿಸುತ್ತೀರಿ. ಕೊನೇ ಪ್ರಶ್ನೆಗೆ ಹೆಚ್ಚಿನವರು ಗೆರೆ ಎಳೆದು ಕಳಿಸುತ್ತಾರೆ. ಅದನ್ನು ತುಂಬದೆ ಬಂದ ಹಾಳೆಯನ್ನು ವಾಪಸ್ ಕಳಿಸಬೇಕು, ಮುಲಾಜು ಬೇಡ. ಪ್ರತಿವರ್ಷದ ಖರ್ಚಿನ ಕಾಲಂ ಇನ್ನೂ ಅಪಾಯದ್ದು. ಅನುದಾನದಲ್ಲಿ ಅಣುಗಳ ರಚನೆ ತಿಳಿಯುವ ಎನ್‌ಎಂಆರ್ ಉಪಕರಣ ಬರುತ್ತದೆ. ಅದರ ಅಯಸ್ಕಾಂತಕ್ಕೆ ದ್ರವ ಸಾರಜನಕವನ್ನು ಆಗಾಗ್ಗೆ, ದ್ರವ ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ ತುಂಬಿಸುತ್ತಲೇ ಇರಬೇಕು. ಅನುದಾನದ ಅವಧಿ ಮುಗಿದ ಮೇಲೆ ಆ ಬಿಲ್ಲು ವಿವಿಯ ತಲೆಗೆ. ಉಪಕರಣದ ಬೆಲೆಯ ಶೇ. 10ನ್ನು ವಾರ್ಷಿಕ ನಿರ್ವಹಣೆ ಎಂದು ತೋರಿಸದ ಪ್ರಸ್ತಾವನೆಯನ್ನು ನಾವು ಅಂಕ ಹಾಕುವ ಹಂತಕ್ಕೇ ಬಿಡುತ್ತಿರಲಿಲ್ಲ.

ಬಂದ ಹಾಳೆಗಳಲ್ಲಿ ಕರ್ತವ್ಯಗಳನ್ನು ಬೇರೆ ತೆಗೆದಿಡಬೇಕು. ಹಾಸ್ಟೆಲ್ ಶೌಚಾಲಯ, ಗಾಲಿಕುರ್ಚಿಗೆ ಇಳಿಜಾರು, ಅಗ್ನಿ ಸುರಕ್ಷತೆ, ಫಲಿತಾಂಶ ಸಕಾಲಕ್ಕೆ ಕೊಡುವುದು: ಇವೆಲ್ಲ ಮಾಡಲೇಬೇಕಾದವು. ಇವನ್ನು ಆದ್ಯತೆಯ ಪಟ್ಟಿಗೆ ಸೇರಿಸಿದರೆ ಎರಡು ಕೇಡು. ಮಾಡಲೇಬೇಕಾದದ್ದು ಚರ್ಚೆಯ ವಿಷಯವಾಗುತ್ತದೆ, ಆಯ್ಕೆ ಬೇಕಾದ ವಿಷಯಕ್ಕೆ ಜಾಗ ಉಳಿಯುವುದಿಲ್ಲ.

ಅಂಕ ಹಾಕುವುದು ಎಲ್ಲಕ್ಕಿಂತ ಕಷ್ಟದ ಹಂತ. ಹತ್ತಕ್ಕೆ ಇಷ್ಟು ಎಂದು ಕೇಳಿದರೆ ಎಲ್ಲರೂ ಎಲ್ಲಕ್ಕೂ ಏಳೋ ಎಂಟೋ ಹಾಕುತ್ತಾರೆ. ಹಳೇ ಸ್ನೇಹ, ನಾಳೆ ಅವರೂ ನಮಗೆ ಹಾಕಬೇಕಲ್ಲ. ಅದಕ್ಕೆ ಅಂಕ ಹಾಕುವ ಸಮಿತಿಯ ಪ್ರತಿ ಸದಸ್ಯರಿಗೂ ಒಟ್ಟು 100 ಅಂಕ ಕೊಟ್ಟು ಹಂಚಿ ಎಂದೆವು: ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿತ. ಸಭೆಗೆ ಮೊದಲೇ, ಒಬ್ಬರದನ್ನೊಬ್ಬರು ನೋಡದೆ ಹಾಕಿ ಕಳಿಸಬೇಕು. ಸಭೆಯಲ್ಲಿ ಚರ್ಚೆ ಅಂಕಗಳು ಬಹಳ ಚದುರಿದ ಪ್ರಸ್ತಾವನೆಗಳ ಬಗ್ಗೆ ಮಾತ್ರ. ಕುಲಪತಿಗಳು ಕೊನೆಯಲ್ಲಿ ಮಾತಾಡಬೇಕು. ಅವರು ಮೊದಲೇ ಬಾಯಿಬಿಟ್ಟರೆ ಉಳಿದವರೆಲ್ಲ "ಹೌದು ಸರ್" ಅಂದು ಕಾಫಿಗೆ ಎದ್ದುಬಿಡುತ್ತಾರೆ.

ಪ್ರಯೋಗಾಲಯವನ್ನೂ ಪುಸ್ತಕವನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ ಎಂಬ ಪ್ರಶ್ನೆ ಮೈಸೂರಿನಲ್ಲಿ ತಪ್ಪಿದ್ದಲ್ಲ. ಪ್ರಕಟಣೆ, ಪೇಟೆಂಟ್, ಯೋಜನಾ ಮೊತ್ತ ಇವಷ್ಟೇ ಅಳತೆಗೋಲಾದರೆ ಭಾಷೆ, ಇತಿಹಾಸದ ವಿಭಾಗಗಳು ಸಾಲಿನ ಕೊನೆಗೆ ಬೀಳುತ್ತವೆ. ಅದಕ್ಕಾಗಿ ಒಂದು ಮಾನದಂಡ ಸೇರಿಸಿದೆವು: ಐದು ವರ್ಷ ತಡವಾದರೆ ಮರಳಿ ಸಿಗದೆ ಹೋಗುತ್ತದೆಯೇ? ಇಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೆನೆಯಿರಿ. 1891ರಲ್ಲಿ ಶುರುವಾದದ್ದು, ವಿದ್ವಾಂಸ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿದ್ದು ಅಲ್ಲೇ. ತಾಳೆಗರಿಯ ದೂಳು ತೆಗೆದು, ನಿಂಬೆಹುಲ್ಲಿನ ಎಣ್ಣೆ ಸವರಿ, ಒಂದೊಂದೇ ಗರಿಯನ್ನು ಸ್ಕ್ಯಾನ್ ಮಾಡುವ ಕೆಲಸ ಯಾವ ರ‍್ಯಾಂಕಿಂಗನ್ನೂ ಏರಿಸುವುದಿಲ್ಲ. ಆದರೆ ಹುಳು ತಿಂದ ಗರಿ ಮುಂದಿನ ಯೋಜನೆಯ ತನಕ ಕಾಯುವುದಿಲ್ಲ. ಸೂಕ್ಷ್ಮದರ್ಶಕವನ್ನು ಎರಡು ವರ್ಷ ಬಿಟ್ಟೂ ಕೊಳ್ಳಬಹುದು.

ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಅಂಕ ನೋಡಿಯೇ ಆದ್ಯತೆ ಗೊತ್ತುಮಾಡಬೇಕು ಎನ್ನುವವರೂ ಇದ್ದಾರೆ. ಅದರಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ. 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10. ಇವತ್ತು ಹಾಕಿದ ಸಂಶೋಧನಾ ಹಣ ಬೇರೆಯವರ ಪ್ರಬಂಧಗಳಲ್ಲಿ ಉಲ್ಲೇಖವಾಗಿ ಕಾಣುವುದಕ್ಕೆ ಮೂರು ವರ್ಷವಾದರೂ ಬೇಕು. ಹಾಗಾಗಿ ವರ್ಷದ ಗುರಿಯನ್ನು ರ‍್ಯಾಂಕಿನಲ್ಲಿ ಬರೆಯದೆ ನಮ್ಮ ಕೈಯಲ್ಲಿರುವುದರಲ್ಲಿ ಬರೆದೆವು: ಭರ್ತಿಯಾದ ಪಿಎಚ್‌.ಡಿ. ಸೀಟು, ಕಳಿಸಿದ ಯೋಜನಾ ಅರ್ಜಿ, ಪರೀಕ್ಷೆ ಮುಗಿದು ಫಲಿತಾಂಶ ಬರುವ ದಿನಗಳು.

ಸರ್ಕಾರದ ನೀತಿಗೆ ಪೂರ್ತಿ ಕಟ್ಟುಬಿದ್ದ ಆದ್ಯತೆಗೆ ಕೆಂಪು ಗುರುತು ಹಾಕಿಡಬೇಕು. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಪ್ರಕಾರ ನಾಲ್ಕು ವರ್ಷದ ಆನರ್ಸ್ ಬಂತು, 2024-25ಕ್ಕೆ ಮತ್ತೆ ಮೂರು ವರ್ಷದ ಪದವಿ. ನಾಲ್ಕನೇ ವರ್ಷಕ್ಕೆಂದು ಯೋಜಿಸಿದ ಲ್ಯಾಬು ಸ್ನಾತಕೋತ್ತರ ತರಗತಿಗೂ ಒದಗುವ ಹಾಗಿದ್ದರೆ ಬಚಾವ್.

ಕೊನೆಗೆ ಉಳಿಯಬೇಕಾದದ್ದು ಐದು, ಹೆಚ್ಚೆಂದರೆ ಆರು. ಪ್ರತಿಯೊಂದಕ್ಕೂ ಬಜೆಟ್‌ನಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಬೇಕು. 'ಇತರೆ ಅಭಿವೃದ್ಧಿ' ಅಡಿ ಸೇರಿಸಿದರೆ ಡಿಸೆಂಬರ್ ಹೊತ್ತಿಗೆ ರಸ್ತೆ ಡಾಂಬರಿಗೆ ಹೋಗಿರುತ್ತದೆ. ಹೊಣೆ ಸಮಿತಿಯ ಮೇಲಲ್ಲ, ಒಂದು ಹುದ್ದೆಯ ಮೇಲಿರಬೇಕು. ವಿಭಾಗದ ಅಧ್ಯಕ್ಷಗಿರಿ ಸರದಿ ಮೇಲೆ ಬದಲಾಗುವುದರಿಂದ ಅದಕ್ಕೆ ಹೊರಿಸಿದರೂ ಕಷ್ಟ, ಡೀನ್ ಅಥವಾ ಕುಲಸಚಿವರ ಮಟ್ಟ ವಾಸಿ. ಆರು ತಿಂಗಳಿಗೊಮ್ಮೆ ಒಂದು ಪುಟದ ವರದಿ ಸಿಂಡಿಕೇಟ್ ಕಾರ್ಯಸೂಚಿಗೆ ಹೋಗಿ ನಡಾವಳಿಯಲ್ಲಿ ದಾಖಲಾಗಬೇಕು. ವಿವಿಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತನ್ನ 6.2.1ನೇ ಅಂಶದಲ್ಲಿ ಕೇಳುತ್ತಿದ್ದುದೂ ಯೋಜನೆ ಜಾರಿಯಾದದ್ದಕ್ಕೆ ಪುರಾವೆಯನ್ನೇ. ನುಣುಪು ಕಾಗದದ ಪುಸ್ತಕವನ್ನು ಯಾರೂ ಪುರಾವೆ ಎಂದು ಒಪ್ಪುವುದಿಲ್ಲ, ನಡಾವಳಿಯ ಪ್ರತಿಯನ್ನು ಒಪ್ಪುತ್ತಾರೆ.