ಏಲಕ್ಕಿ ಜಗಿದು ಹೋದ ಮೀಟಿಂಗು

2020ರ ಮೇ 4. ಲಾಕ್‌ಡೌನ್ ನಡುವೆ ಮದ್ಯದಂಗಡಿ ಮತ್ತೆ ತೆರೆದ ದಿನ. ಬೆಳಗ್ಗೆ ಆರಕ್ಕೇ ಕ್ಯೂನಲ್ಲಿ ಚಪ್ಪಲಿ ಬಿಟ್ಟು ಜಾಗ ಹಿಡಿದಿದ್ದೆ. ಅಂಗಡಿ ಮುಚ್ಚಿದ ಮೊದಲ ವಾರ ಕೈನಡುಕ, ಬೆವರು. ಒಂದು ರಾತ್ರಿ ಗೋಡೆ ಮೇಲೆ ಹುಳ ಹರಿದಂತೆಲ್ಲ ಕಂಡಿತ್ತು. ಅಷ್ಟು ಪಾಡು ಪಟ್ಟು 40 ದಿನ ಬಿಟ್ಟಿದ್ದವನು, ಒಂದು ಕ್ವಾರ್ಟರ್ ಕೈಗೆ ಸಿಕ್ಕಿದ್ದೇ ತಡ, ಮತ್ತೆ ಹಳೇ ದಾರಿ. ಎಣ್ಣೆ ಬಿಡೋದು ಬೇರೆ, ಬಿಟ್ಟೇ ಇರೋದು ಬೇರೆ ಅಂತ ಅವತ್ತೇ ಗೊತ್ತಾಗಬೇಕಿತ್ತು. ಆಗಲಿಲ್ಲ.

ಪೀಣ್ಯದಲ್ಲಿ ಲೇತ್ ಕೆಲಸ ನನ್ನದು. ಕೈ ನಡುಗಿದರೆ ಬೆರಳೇ ಹೋಗುತ್ತದೆ. ಹಾಗಾಗಿ ನಡುಕ ನಿಲ್ಲಿಸೋಕೆ ಬೆಳಗ್ಗೆಯೇ ಒಂದು ನೈಂಟಿ. ನನ್ನ ಹೆಂಡತಿ ಯಾರೋ ಹೇಳಿದರು ಅಂತ, 'ಕುಡಿಯೋರಿಗೆ ತಿಳಿಯದಂತೆ ಬೆರೆಸಿ' ಅನ್ನೋ ಪುಡಿಯನ್ನು ಸಾರಿಗೆ ಹಾಕಿದ್ದೂ ಉಂಟು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಅದರಲ್ಲಿ ಏನಿರುತ್ತೋ ದೇವರೇ ಬಲ್ಲ. ಅದರ ಮೇಲೆ ಎಣ್ಣೆ ಬಿದ್ದರೆ ಜೀವಕ್ಕೇ ಬರಬಹುದು.

ಮಾರನೇ ವರ್ಷ ತಮ್ಮ ನನ್ನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದ. ಅಲ್ಲಿ ವ್ಯಸನಕ್ಕೇ ಅಂತ ಬೇರೆ ವಿಭಾಗ ಇದೆ. ದಿನಾ ಜಾಸ್ತಿ ಕುಡಿಯೋರು ಒಂದೇ ಸಲ ಮನೆಯಲ್ಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು ಅಂದರು ಡಾಕ್ಟರು. ಲಾಕ್‌ಡೌನಿನಲ್ಲಿ ನಾನು ಉಳಿದದ್ದು ಅದೃಷ್ಟ ಅಷ್ಟೇ. ಮಾತ್ರೆ ಕೊಟ್ಟರು, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು, ನಡುಕ ನಿಂತಿತು. ಆಮೇಲೆ ಡಾಕ್ಟರು ಒಂದು ಪ್ರಶ್ನೆ ಕೇಳಿದರು: "ಸಂಜೆ ಆರಕ್ಕೆ ಕೆಲಸ ಬಿಟ್ಟ ಮೇಲೆ ಎಲ್ಲಿಗೆ ಹೋಗ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ವರ್ಷದಿಂದ ಹೋಗುತ್ತಿದ್ದುದು ಒಂದೇ ಕಡೆ.

ಎಎ ಗುಂಪಿಗೆ ಹೋಗಿ ನೋಡಿ ಅಂದರು ಡಾಕ್ಟರು. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನೋರು ಸೇರಿ ಮಾತಾಡೋ ಗುಂಪು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಶುರು ಮಾಡಿದ್ದು. ಮೊದಲು ಹೋದ ಗುಂಪಿನಲ್ಲಿ ಎಲ್ಲರೂ ಇಂಗ್ಲಿಷಿನವರು. ಜನ ಒಳ್ಳೆಯವರೇ. ಆದರೆ ನನ್ನ ಹೊಟ್ಟೆಯೊಳಗಿನದು ಇಂಗ್ಲಿಷಿನಲ್ಲಿ ಹೇಗೆ ಹೊರಗೆ ಬರಬೇಕು? ಎದ್ದು ಬರುವಾಗ ಒಬ್ಬರು ಹಿಂದೆಯೇ ಬಂದು, ಚೀಟಿಯಲ್ಲಿ ಕನ್ನಡ ಗುಂಪಿನ ವಿಳಾಸ ಬರೆದುಕೊಟ್ಟರು. ಆ ಚೀಟಿ 15 ದಿನ ಜೇಬಿನಲ್ಲೇ ಇತ್ತು.

ಅದು ಒಂದು ಸ್ಕೂಲಿನ ಕೋಣೆ. ಬೋರ್ಡ್ ಮೇಲೆ ಏಳರ ಮಗ್ಗಿ. ಮಕ್ಕಳ ಬೆಂಚು, ಮೊಣಕಾಲು ಎದೆಗೆ ತಾಗುತ್ತಿತ್ತು. ಹಾಜರಿ ಇಲ್ಲ, ಫೀಸ್ ಇಲ್ಲ, ಯಾರು ಎತ್ತ ಅಂತ ವಿಚಾರಣೆ ಇಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಒಂದಿದ್ದರೆ ಸಾಕು. ಕೊನೆಗೆ ಒಂದು ಡಬ್ಬ ಸುತ್ತುತ್ತದೆ, ಮನಸ್ಸಿದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ನನ್ನ ಸರದಿ ಬಂದಾಗ ಎದ್ದು ಹೆಸರು ಹೇಳಿದೆ, "ಮೂರು ವಾರದಿಂದ ಮುಟ್ಟಿಲ್ಲ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಟೀ ಕುಡಿಯುವಾಗ ವಯಸ್ಸಾದವರೊಬ್ಬರು ಪಕ್ಕ ಬಂದು ನಿಂತರು. "ಏಲಕ್ಕಿ ಜಗಿದು ಬಂದಿದ್ದೀರಲ್ಲ. ನಾನು ಲವಂಗ ಜಗೀತಿದ್ದೆ" ಅಂದರು. ಅಷ್ಟೇ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಟೀಗೆ ಬಿಸ್ಕತ್ತು ಅದ್ದಿಕೊಂಡು ಮಳೆ ಬರೋ ಹಾಗಿದೆ ಅಂದರು. ಹೆಂಡತಿಗೆ ಸುಳ್ಳು ಹೇಳಿದ್ದೆ, ಮೇಸ್ತ್ರಿಗೆ ಹೇಳಿದ್ದೆ, ಡಾಕ್ಟರಿಗೂ ಲೆಕ್ಕ ಕಮ್ಮಿ ಮಾಡಿ ಹೇಳಿದ್ದೆ. ಎಲ್ಲರೂ ನಂಬಿದ್ದರು, ಇಲ್ಲವೇ ನಂಬಿದ ಹಾಗಿದ್ದರು. ಈ ಯಜಮಾನರ ಮುಂದೆ ನನ್ನ ವಿದ್ಯೆ ನಡೆಯಲಿಲ್ಲ, ಅವರೂ ಅದೇ ಸ್ಕೂಲಲ್ಲಿ ಓದಿದವರು. ನಾಚಿಕೆ ಆಗಬೇಕಿತ್ತು. ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಾಯಿತು.

ಅವರ ನಂಬರ್ ಇಸಕೊಂಡೆ. ನನಗೆ ಕೇಳಿದರೆ ಗುಂಪು ಹುಡುಕೋದು ಅಂದರೆ ವಿಳಾಸ ಹುಡುಕೋದಲ್ಲ, ಇಂಥ ಒಂದು ನಂಬರ್ ಹುಡುಕೋದು. ಎರಡು ಮೂರು ಕಡೆ ಹೋಗಿ ನೋಡಿ. ಒಂದು ಹಿಡಿಸದಿದ್ದರೆ ಇನ್ನೊಂದು. ಎಲ್ಲಿ ಕೇಳಬೇಕು ಗೊತ್ತಾಗದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಹಳ್ಳಿ ಕಡೆಯವರಿಗೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಇನ್ನೂ ಹತ್ತಿರ. ಎಂಟು ದಿನದ ಶಿಬಿರ ಮುಗಿದ ಮೇಲೂ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲ ಸೇರುತ್ತಾರೆ. ನಮ್ಮೂರಿನ ಇಬ್ಬರು ಅಲ್ಲೇ ನೆಟ್ಟಗಾದರು.

ಗುಂಪು ಸಿಕ್ಕಿದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಏಳನೇ ತಿಂಗಳಲ್ಲಿ ತಿಪಟೂರು ಕಡೆ ಒಂದು ಬೀಗರ ಊಟ. ಮುದ್ದೆ, ಮಟನ್ ಸಾರು, ತೋಟದ ಹಿಂದೆ ಬಾಟ್ಲಿ. "ಒಂದೇ ಒಂದು ಕಣೋ" ಅಂದ ಭಾವ. ಫೋನ್ ಕಾರಲ್ಲೇ ಬಿಟ್ಟು ಬಂದಿದ್ದೆ. ಬೇಕಂತಲೇ ಬಿಟ್ಟಿದ್ದೆ ಅಂತ ಈಗ ಅನಿಸುತ್ತದೆ. ಮೂರು ದಿನ ಕುಡಿದೆ. ಭಾನುವಾರ ಅದೇ ಬೆಂಚಿನಲ್ಲಿ ಕೂತು ಹೇಳಿದೆ. ಈ ಸಲ ಏಲಕ್ಕಿ ಇರಲಿಲ್ಲ. ಲೆಕ್ಕ ಮತ್ತೆ ಒಂದರಿಂದ. ಅದಾದ ಮೇಲೆ ಮುಟ್ಟಿಲ್ಲ.

ಈಗ ಹೆಂಡತಿಯೂ ಹೋಗುತ್ತಾಳೆ, ಮನೆಯವರಿಗೆ ಅಂತಲೇ ಇರೋ ಅಲ್‌-ಅನಾನ್ ಗುಂಪಿಗೆ. ಅಲ್ಲಿ ನನ್ನ ಬಗ್ಗೆ ಏನು ಹೇಳ್ತೀಯ ಅಂತ ಒಂದು ದಿನ ಕೇಳಿದೆ.

"ಅಲ್ಲಿ ಆಡಿದ್ದು ಅಲ್ಲೇ ಬಿಡಬೇಕು, ನಿಮ್ಮಲ್ಲೂ ಅದೇ ರೂಲ್ ಅಲ್ವಾ?" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.